ಕೊಹಿನೂರಿನಲ್ಲೊಂದು ವಾಟ್ನಿ

ಕೊಹಿನೂರಿಗೆ ಹೊರಟಿದ್ದೇನೆ ಎಂದಾಗ ಬೆಂಗಳೂರಿನಲ್ಲಿ ಕೇಳಿದವರೆಲ್ಲ ವಜ್ರದ ಮಾತೆತ್ತಿದರು. ಆ ವಜ್ರ ಲಂಡನ್ನಿನ ಗೋಪುರದಲ್ಲಿದೆ, ಅದು ತಮ್ಮದೆನ್ನುವ ದೇಶಗಳು ಹಲವು. ನಾನು ಹೊರಟದ್ದು ಬೀದರ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿಗೆ. ಹೋಬಳಿ ಊರು. ಇಲ್ಲಿಯ ತಕರಾರು 12 ಎಕರೆ ತೊಗರಿ ಹೊಲದ್ದು, ಹಕ್ಕುದಾರರು ಒಂದೇ ತಾಯಿಯ ಮಕ್ಕಳು.

ಕರೆದವನು ಹುಮನಾಬಾದಿನಲ್ಲಿ ವಕೀಲಿಕೆ ಮಾಡುವ ಹಳೆಯ ಗೆಳೆಯ. "ಎಳ್ಳಮಾಸಿಗೆ ಬಾ. ಹೊಲದಾಗ ಕೂತು ಭಜ್ಜಿ ಉಣ್ಣು, ಒಂದು ವಾಟ್ನಿ ನೋಡು. ಅದರಾಗ ಅಮೆರಿಕಾನೂ ಅದ" ಎಂದಿದ್ದ. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ವಾಟ್ನಿ ಎಂದರೆ ಆಸ್ತಿ ಪಾಲು. ಅಮೆರಿಕಾ ಯಾಕೆ ಎಂದು ಕೇಳಿದರೆ ಫೋನಿನಲ್ಲಿ ಹೇಳಲಿಲ್ಲ. ಬಂದ ಮೇಲೆ ಗೊತ್ತಾಯಿತು: ಮೂವರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ಅಕ್ಕನನ್ನು ಕೊಟ್ಟದ್ದು ಪಕ್ಕದ ಊರಿಗೆ. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾಳೆ. ಇಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದರೆ ಅಣ್ಣಂದಿರ ಪಹಣಿ ಸುಲಭ. ಅಕ್ಕ ಹೆಬ್ಬೆಟ್ಟು ಒತ್ತಲು ತಯಾರಿದ್ದಳಂತೆ. ತಂಗಿ ಮುಖತ್ಯಾರ ಪತ್ರ ಕಳಿಸದೆ ಕೂತಿದ್ದಳು.

ಕಲಬುರಗಿಯಿಂದ ಹುಮನಾಬಾದಿಗೆ ಬರುವ ದಾರಿಯ ಎರಡೂ ಬದಿ ತೊಗರಿ ಕಟಾವಿಗೆ ಬಂದಿತ್ತು, ನಡುನಡುವೆ ಎದೆಯೆತ್ತರದ ಬಿಳಿಜೋಳ. ಹುಮನಾಬಾದಿನಲ್ಲಿ ಇಳಿದಾಗ ಗೆಳೆಯ ಬೈಕು ಹಿಡಿದು ನಿಂತಿದ್ದ. ವೀರಭದ್ರೇಶ್ವರನ ಗುಡಿಗೆ ದೂರದಿಂದಲೇ ಕೈಮುಗಿಸಿ, ನೇರ ಕೊಹಿನೂರಿಗೆ ಹೋಗುವುದು ಬಿಟ್ಟು ಜಲಸಂಗ್ವಿಯ ಕಡೆ ತಿರುಗಿಸಿದ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ಶಿವಗುಡಿಯಿದೆ. ಹೊರಗೋಡೆಯ ತುಂಬ ಶಿಲಾಬಾಲಿಕೆಯರು: ಕನ್ನಡಿ ಹಿಡಿದವಳು, ಕುಣಿಯುವವಳು. ಅವರ ನಡುವೆ ಒಬ್ಬಳು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆದ ಅಕ್ಷರಗಳು ಈಗಲೂ ಓದಲು ಬರುತ್ತವೆ, ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅದು. ಬಾಗಿದ ಬೆನ್ನು, ಬರೆಯುವ ಬೆರಳಿನ ಬಿಗಿ, ಎಲ್ಲವನ್ನೂ ಆ ಶಿಲ್ಪಿ ಬಹಳ ಪ್ರೀತಿಯಿಂದ ಕೆತ್ತಿದ್ದಾನೆ. ಬರೆಯುವ ಹೆಣ್ಣನ್ನು ಹೀಗೆ ಕಂಡರಿಸಿದ ಗುಡಿ ಕರ್ನಾಟಕದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ. ಗೆಳೆಯ ಮಾತ್ರ ವಕೀಲನ ಕಣ್ಣಿನಿಂದ ನೋಡಿ, "ರಾಜನ ಹೆಸರು ಬರದಾಳ, ತನ್ನ ಹೆಸರು ಬರಕೊಂಡಿಲ್ಲ ನೋಡು" ಎಂದ.

ಈ ವಿಕ್ರಮಾದಿತ್ಯನ ಆಳ್ವಿಕೆ 1076ರಿಂದ 1126ರವರೆಗೆ. ಅವನ ರಾಜಧಾನಿ ಕಲ್ಯಾಣ, ಇಂದಿನ ಬಸವಕಲ್ಯಾಣ. ಅಲ್ಲಿಯೇ ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರತೂರಿನವರು ಅವನನ್ನು ತಮ್ಮೂರಿನವನೆಂದು ಹೇಳಿಕೊಳ್ಳುತ್ತಾರೆ. ಅವನು ಗ್ರಂಥದ ಕೊನೆಗೆ ಕಲ್ಯಾಣವನ್ನೂ ವಿಕ್ರಮನನ್ನೂ ಹೊಗಳಿ, ಸಂಕೋಚವಿಲ್ಲದೆ ತನ್ನನ್ನೂ ಆ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ಹೊಗಳಿಕೊಂಡದ್ದು ಹುಸಿಯಾಗಲಿಲ್ಲ. ಜೀಮೂತವಾಹನನ ದಾಯಭಾಗ ನಡೆಯುತ್ತಿದ್ದ ಬಂಗಾಳದ ಸೀಮೆಯೊಂದನ್ನು ಬಿಟ್ಟರೆ ಉಳಿದ ಭಾರತದ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಬಹುಮಟ್ಟಿಗೆ ಇವನ ಮಾತಿನಂತೆ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪನಿಯ ಜಡ್ಜುಗಳೂ ಲಂಡನ್ನಿನ ಪ್ರಿವಿ ಕೌನ್ಸಿಲ್ಲೂ ಕಲ್ಯಾಣದ ಈ ಪಂಡಿತನನ್ನು ಓದಿಯೇ ತೀರ್ಪು ಕೊಡಬೇಕಾಯಿತು.

ಅವನ ಮುಖ್ಯ ಮಾತು ಇಷ್ಟು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತಾಗ ಅಲ್ಲ, ತಾನು ಹುಟ್ಟಿದಾಗ. ಮಗಳಿಗೆ ಆ ಹುಟ್ಟಿನ ಹಕ್ಕು ಇರಲಿಲ್ಲ. ಆದರೆ ಈ ಪಂಡಿತನನ್ನು ಹೆಣ್ಣಿನ ವಿರೋಧಿ ಎಂದು ಪಕ್ಕಕ್ಕಿಡಲೂ ಆಗುವುದಿಲ್ಲ. ಗಂಡುಮಕ್ಕಳಿಲ್ಲದೆ, ಅಣ್ಣತಮ್ಮಂದಿರಿಂದ ಬೇರೆಯಾಗಿ ಬದುಕಿ ಸತ್ತವನ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ ಎಂದು ಎದುರಾಳಿಗಳ ವಾದವನ್ನೆಲ್ಲ ತಳ್ಳಿಹಾಕಿ ಬರೆದವನು ಅವನು. ಸ್ತ್ರೀಧನವೆಂದರೆ ಮದುವೆಯ ಉಡುಗೊರೆ ಮಾತ್ರವಲ್ಲ, ಹೆಣ್ಣಿಗೆ ವಾರಸಾದಲ್ಲಿ, ಖರೀದಿಯಲ್ಲಿ, ಪಾಲಿನಲ್ಲಿ ಬಂದದ್ದೂ ಸ್ತ್ರೀಧನವೇ ಎಂದವನೂ ಅವನೇ. ಅದನ್ನು ಮತ್ತೆ ಕಿರಿದು ಮಾಡಿದ್ದು ಪ್ರಿವಿ ಕೌನ್ಸಿಲ್. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕಿಂತ ಇಪ್ಪತ್ತನೆಯ ಶತಮಾನದ ಲಂಡನ್ನು ಈ ವಿಷಯದಲ್ಲಿ ಹಿಂದೆ ಬಿತ್ತು. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಬಸವಕಲ್ಯಾಣದ ಕೋರ್ಟಿನ ಎದುರು ಚಹಾ ಕುಡಿಯುತ್ತ ಗೆಳೆಯ ಮಿತಾಕ್ಷರಾದ ಇನ್ನೊಂದು ಮುಖ ತೋರಿಸಿದ. ಅವನಿಗೆ ಅದರ ವ್ಯವಹಾರಾಧ್ಯಾಯ ಬಾಯಿಪಾಠ. ವ್ಯಾಜ್ಯಕ್ಕೆ ನಾಲ್ಕು ಪಾದಗಳು: ವಾದಿ ಹೇಳುವುದು, ಪ್ರತಿವಾದಿ ಕೊಡುವ ಉತ್ತರ, ಪುರಾವೆ, ತೀರ್ಮಾನ. ಉತ್ತರದಲ್ಲೂ ನಾಲ್ಕು ಬಗೆ: ಒಪ್ಪಿಗೆ, ನಿರಾಕರಣೆ, ಹೌದು ಆದರೆ ಎನ್ನುವ ಕಾರಣ, ಮತ್ತು ಪ್ರಾಙ್ನ್ಯಾಯ. ಪ್ರಾಙ್ನ್ಯಾಯವೆಂದರೆ ಈ ವ್ಯಾಜ್ಯ ಮೊದಲೇ ತೀರ್ಮಾನವಾಗಿದೆ, ಮತ್ತೆ ಎಳೆಯುವಂತಿಲ್ಲ ಎನ್ನುವ ಉತ್ತರ. ಪುರಾವೆಗೆ ಪತ್ರ, ಸ್ವಾಧೀನ, ಸಾಕ್ಷಿ. ಅವು ಇಲ್ಲದಾಗ ಮಾತ್ರ ತಕ್ಕಡಿ, ಬೆಂಕಿ, ನೀರು, ವಿಷಗಳ ದಿವ್ಯ. ಆಸೆಗೋ ಭಯಕ್ಕೋ ಬಿದ್ದು ತಪ್ಪು ತೀರ್ಪು ಕೊಟ್ಟ ಸಭಾಸದನಿಗೆ ವ್ಯಾಜ್ಯದ ಮೊತ್ತದ ಎರಡರಷ್ಟು ದಂಡ. "ಈ ಕಲಮು ಈಗ ಇದ್ದಿದ್ದರ..." ಎಂದು ಗೆಳೆಯ ಕೋರ್ಟಿನ ಕಟ್ಟಡದ ಕಡೆ ನೋಡಿ ಮಾತು ನುಂಗಿದ. ವಕೀಲರಿಗೆ ಅರ್ಧ ವಾಕ್ಯದಲ್ಲಿ ನಿಲ್ಲಿಸುವುದು ಗೊತ್ತಿರುತ್ತದೆ.

ಚಹಾ ಮುಗಿಸಿ ಹರಳಯ್ಯನ ಗವಿಯ ಕಡೆ ಹೋದೆವು. ಬಸವಕಲ್ಯಾಣಕ್ಕೆ ಬಂದವರು ಹೊಸ ಅನುಭವ ಮಂಟಪದ ಕಟ್ಟಡ ನೋಡುತ್ತಾರೆ, 108 ಅಡಿಯ ಬಸವಣ್ಣನ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಹರಳಯ್ಯನಲ್ಲಿ ಜನ ಕಡಿಮೆ. ಸಮಗಾರ ಹರಳಯ್ಯ, ಬ್ರಾಹ್ಮಣ ಮಂತ್ರಿ ಮಧುವರಸ. ಒಬ್ಬನ ಮಗ ಶೀಲವಂತ, ಇನ್ನೊಬ್ಬನ ಮಗಳು ಲಾವಣ್ಯ. ಇಬ್ಬರಿಗೂ ಮದುವೆಯಾಯಿತು. ಶರಣರ ಕಥೆಗಳು ಹೇಳುವಂತೆ ಕಲ್ಯಾಣದ ರಾಜ ಬಿಜ್ಜಳನ ಆಜ್ಞೆಯಿಂದ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆ: ಆನೆಯ ಕಾಲಿಗೆ ಕಟ್ಟಿ ಊರ ಬೀದಿಗಳಲ್ಲಿ ಎಳೆಸಿದರು. ಕಲ್ಯಾಣ ಹೊತ್ತಿ ಉರಿದದ್ದು ಅದಾದ ಮೇಲೆ.

ನಾಲ್ಕು ಪಾದದ ವ್ಯವಹಾರವನ್ನು ಬರೆದ ಪಟ್ಟಣದಲ್ಲಿಯೇ, ಅದನ್ನು ಬರೆದ ಕೆಲವೇ ದಶಕಗಳ ಮೇಲೆ, ಹರಳಯ್ಯನ ಉತ್ತರವನ್ನು ಯಾರಾದರೂ ಕೇಳಿದರೇ? ಪುರಾವೆ ಯಾವುದಿತ್ತು? ಕೇಳಿದ್ದರೂ ಉಳಿಯುತ್ತಿರಲಿಲ್ಲವೇನೋ. ವಿಜ್ಞಾನೇಶ್ವರನ ಶಾಸ್ತ್ರವೂ ವರ್ಣ ನೋಡಿಯೇ ಶಿಕ್ಷೆಯ ತೂಕ ನಿರ್ಧರಿಸುತ್ತಿತ್ತು, ಆನೆ ಶಾಸ್ತ್ರದ ಹೊರಗಿನಿಂದ ಬಂದದ್ದಲ್ಲ. ಕಾಯ್ದೆಯ ಪುಸ್ತಕ ಒಳ್ಳೆಯದಾಗಿದ್ದರೆ ಸಾಕು ಎಂದು ನಂಬುವವರನ್ನು ಈ ಗವಿಗೆ ಕರೆತರಬೇಕು.

ಅಲ್ಲಿ ನಿಂತಾಗ ನನಗೆ ನೆನಪಾದವರು ಅಮೆರಿಕದ ವರ್ಜೀನಿಯಾದ ಒಂದು ಜೋಡಿ. ರಿಚರ್ಡ್ ಲವಿಂಗ್ ಬಿಳಿಯ, ಕಟ್ಟಡ ಕೆಲಸದವನು. ಮಿಲ್ಡ್ರೆಡ್ ಬಿಳಿಯಳಲ್ಲ. 1958ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಊರಿಗೆ ಮರಳಿದರು. ಕೆಲವು ವಾರಗಳಲ್ಲೇ ಒಂದು ರಾತ್ರಿ ಪೊಲೀಸರು ಮಲಗುವ ಕೋಣೆಗೆ ನುಗ್ಗಿ ಹಿಡಿದರು. ವರ್ಜೀನಿಯಾದಲ್ಲಿ ಅಂಥ ಮದುವೆ ಅಪರಾಧ. ಒಂದು ವರ್ಷ ಜೈಲು, ಊರು ಬಿಟ್ಟು 25 ವರ್ಷ ಒಟ್ಟಿಗೆ ಮರಳದಿದ್ದರೆ ಅದಕ್ಕೆ ಮಾಫಿ. ಊರು ಬಿಟ್ಟರು. ಹಲವು ವರ್ಷಗಳ ಮೇಲೆ ಮಿಲ್ಡ್ರೆಡ್ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಒಂದು ಕಾಗದ ಬರೆದಳು. ಅವನು ನಾಗರಿಕ ಹಕ್ಕುಗಳ ಸಂಘಟನೆಯೊಂದರ ಕಡೆ ಕೈತೋರಿಸಿದ. 1967ರ ಜೂನ್ 12ರಂದು ಅಲ್ಲಿಯ ಸುಪ್ರೀಂ ಕೋರ್ಟು ಒಮ್ಮತದಿಂದ ಆ ಕಾಯ್ದೆಯನ್ನು ಹೊಡೆದುಹಾಕಿತು. ಅಂದು ವರ್ಜೀನಿಯಾ ಸೇರಿ 16 ರಾಜ್ಯಗಳಲ್ಲಿ ಅಂಥ ಕಾಯ್ದೆ ಇತ್ತು. ಕೋರ್ಟು ಆಧಾರ ಮಾಡಿಕೊಂಡದ್ದು ಗುಲಾಮಗಿರಿ ಮುಗಿದ ಮೇಲೆ, 1868ರಲ್ಲಿ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯನ್ನು: ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ. ಆ ತಿದ್ದುಪಡಿ ಬಂದು ಆಗಲೇ 99 ವರ್ಷ. ಅದು ಸತ್ಯವಾಗಲು ಒಬ್ಬ ಹೆಂಗಸು ಕಾಗದ ಬರೆಯಬೇಕಾಯಿತು.

ಕೊಹಿನೂರ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ದೊಡ್ಡಣ್ಣ ನಿವೃತ್ತ ಮಾಸ್ತರರು. ನಡುವಿನವನು ಹೊಲ ಮಾಡುವವನು. ಚಿಕ್ಕವನಿಗೆ ಪಟ್ಟಣದಲ್ಲಿ ಗೊಬ್ಬರದ ಅಂಗಡಿ. ಅಕ್ಕ ಹಬ್ಬಕ್ಕೆ ಬಂದವಳು ಒಳಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು, ಆ ಸದ್ದು ನಮ್ಮ ಮಾತಿನ ಉದ್ದಕ್ಕೂ ನಿಲ್ಲಲಿಲ್ಲ. ಊಟಕ್ಕೆ ಮೊದಲು ಮಾಸ್ತರರು ಮೊಬೈಲನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಿದರು. ನ್ಯೂಜೆರ್ಸಿಯಲ್ಲಿ ಆಗ ಬೆಳಿಗ್ಗೆ. ತೆರೆಯ ಮೇಲೆ ತಂಗಿ, ಹಿಂದೆ ಕಿಟಕಿಯಲ್ಲಿ ಹಿಮ.

ಆಸ್ತಿಯ ಮಾತು ತೆಗೆಯಲು ಯಾರಿಗೂ ಧೈರ್ಯವಿರಲಿಲ್ಲ. ಅವಳೇ ಬೇರೆ ಕಥೆ ಎತ್ತಿದಳು. ಅವಳಿಗೆ ಜ್ಯೂರಿಯ ಕರೆ ಬಂದಿತ್ತು. ಪೌರತ್ವದ ಪರೀಕ್ಷೆಗೆ ಓದುವಾಗ ಪೌರರಿಗೆ ಮಾತ್ರ ಇರುವ ಹೊಣೆ ಯಾವುದು ಎಂಬ ಪ್ರಶ್ನೆಗೆ ಮತ ಹಾಕುವುದು, ಜ್ಯೂರಿಯಲ್ಲಿ ಕೂರುವುದು ಎಂದು ಉತ್ತರ ಬಾಯಿಪಾಠ ಮಾಡಿದ್ದಳಂತೆ. ಅಂಚೆಯಲ್ಲಿ ನಿಜವಾಗಿಯೂ ಕಾಗದ ಬಂದಾಗ ಹೆದರಿಕೆ ಆಯಿತಂತೆ. ಕೋರ್ಟಿನಲ್ಲಿ ಜಡ್ಜು, ಎರಡೂ ಕಡೆಯ ವಕೀಲರು ಇವಳನ್ನೇ ಪ್ರಶ್ನೆ ಕೇಳಿದರು: ನಿನ್ನ ಮನೆಯಲ್ಲಿ ಕಳವಾಗಿದೆಯೇ, ಪೊಲೀಸರಲ್ಲಿ ಬಳಗದವರಿದ್ದಾರೆಯೇ. ಕೆಲವರನ್ನು ಬೇಡವೆಂದು ಕಳಿಸಿದರು, ಇವಳನ್ನು ಉಳಿಸಿಕೊಂಡರು. ಕಳವಿನ ಮೊಕದ್ದಮೆ.

"ಆರೋಪಿ ಒಂದ್ ಮಾತೂ ಆಡಲಿಲ್ಲಣ್ಣ. ಅವ ಸುಮ್ಮ ಕೂತಾನಂತ ತಪ್ಪು ಮಾಡ್ಯಾನಂತ ತಿಳಕೋಬ್ಯಾಡ್ರಿ ಅಂತ ಜಡ್ಜ್ ನಮಗ ತಾಕೀತು ಮಾಡಿದ. ತಪ್ಪು ಮಾಡ್ಯಾನಂತ ತೋರಸೋದು ಸರ್ಕಾರದ ಕೆಲಸ, ಅವಂದಲ್ಲ ಅಂದ."

"ಮತ್ತ ಜಡ್ಜ್ ಏನ್ ಮಾಡ್ತಾನ?" ಎಂದ ನಡುವಿನಣ್ಣ.

"ಕಾಯ್ದೆ ಏನದ ಅಂತ ಹೇಳ್ತಾನ. ಆತ ಮಾಡ್ಯಾನೋ ಇಲ್ಲೋ ಅನ್ನೋದು ನಾವ ಹನ್ನೆರಡ್ ಮಂದಿ ಹೇಳಬೇಕು. ಎಲ್ಲಾರೂ ಒಂದ ಮಾತು ಆಗಬೇಕು."

"ನಮ್ಮೂರಾಗ ಹನ್ನೆರಡ್ ಮಂದಿ ಕೂತರ ಹದಿಮೂರ್ ಮಾತ ಆಗ್ತಾವ" ಎಂದು ಅವನು ನಕ್ಕ. ಮಾಸ್ತರರೂ ನಕ್ಕರು. ಒಳಗೆ ರೊಟ್ಟಿ ಬಡಿಯುವ ಕೈ ಒಂದು ಗಳಿಗೆ ನಿಂತಂತಾಯಿತು.

ನಮ್ಮಲ್ಲೂ ಜ್ಯೂರಿ ಇತ್ತು. 1959ರಲ್ಲಿ ಮುಂಬಯಿಯ ನಾನಾವತಿ ಮೊಕದ್ದಮೆಯಲ್ಲಿ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದರು, ಹೈಕೋರ್ಟು ಅದನ್ನು ಬದಿಗೆ ಸರಿಸಿತು. ಮುಂದೆ ಒಂದೊಂದೇ ರಾಜ್ಯ ಜ್ಯೂರಿಯನ್ನು ಕೈಬಿಟ್ಟು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಹತ್ತು ತಿದ್ದುಪಡಿಗಳಲ್ಲಿ ಜ್ಯೂರಿಗೆ ಗಟ್ಟಿ ಜಾಗವಿದೆ, ಆರನೆಯದು ಕ್ರಿಮಿನಲ್ಲಿಗೆ, ಏಳನೆಯದು ಸಿವಿಲ್ಲಿಗೆ. ಆದರೂ ಇವಳು ಕೂತಂಥ ವಿಚಾರಣೆ ಅಲ್ಲಿ ಅಪರೂಪವೇ. ಅಲ್ಲಿ ಶಿಕ್ಷೆಯಾಗುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಜ್ಯೂರಿಯ ಮುಖವನ್ನೇ ನೋಡುವುದಿಲ್ಲ. ಸರ್ಕಾರಿ ವಕೀಲನ ಜೊತೆ ಚೌಕಾಸಿ ಮಾಡಿ, ಕಡಿಮೆ ಶಿಕ್ಷೆಯ ಆಸೆಗೆ ತಪ್ಪೊಪ್ಪಿಕೊಂಡು ಹೋಗುತ್ತಾರೆ. ಸಿನಿಮಾದಲ್ಲಿ ಈ ಚೌಕಾಸಿಯನ್ನು ಅಷ್ಟಾಗಿ ತೋರಿಸುವುದಿಲ್ಲ.

ಸಿನಿಮಾದಲ್ಲಿ ತೋರಿಸುವುದು ಬೇರೆ: ಕೈಗೆ ಬೇಡಿ ಹಾಕುವಾಗಲೇ ಪೊಲೀಸ ಗಡಗಡ ಒಪ್ಪಿಸುವ ಪಾಠ. ಸುಮ್ಮನಿರುವ ಹಕ್ಕು ನಿನಗಿದೆ, ಆಡಿದ ಮಾತನ್ನು ನಿನ್ನ ವಿರುದ್ಧವೇ ಬಳಸುತ್ತೇವೆ, ವಕೀಲನನ್ನು ಕೇಳಬಹುದು. ಇದು ಬಂದದ್ದು 1966ರ ಮಿರಾಂಡಾ ತೀರ್ಪಿನಿಂದ. ನಮ್ಮ ಪೊಲೀಸರು ಅಂಥ ಪಾಠ ಒಪ್ಪಿಸುವುದಿಲ್ಲ ಎಂದು ನಗುವವರು ಒಂದು ಮಾತು ಮರೆಯುತ್ತಾರೆ. ಅಲ್ಲಿ ಆ ಎಚ್ಚರಿಕೆ ಯಾಕೆ ಬೇಕೆಂದರೆ ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಪುರಾವೆಯಾಗುತ್ತದೆ. ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯಿಂದ ಹಿಡಿದು 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದವರೆಗೆ, ಪೊಲೀಸ ಅಧಿಕಾರಿಯ ಎದುರಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ. ಕಾಯ್ದೆ ಮಾಡಿದ ಬ್ರಿಟಿಷರಿಗೆ ತಮ್ಮ ಪೊಲೀಸರ ಲಾಠಿಯ ಪರಿಚಯ ಚೆನ್ನಾಗಿತ್ತು. ಲಾಠಿ ಅದರಿಂದ ನಿಂತಿತೆಂದು ನಾನು ಹೇಳುತ್ತಿಲ್ಲ.

ಊಟದ ಹೊತ್ತಿಗೆ ಮಾಸ್ತರರು ಕೊನೆಗೂ ವಿಷಯಕ್ಕೆ ಬಂದರು. "ಅಲ್ಲವ್ವಾ, ನಿಮ್ಮ ಅಮೆರಿಕಾದಾಗ ಅಪ್ಪನ ಹೊಲ ಹೆಣ್ಣಮಕ್ಕಳಿಗೆ ಹ್ಯಾಂಗ ಬರ್ತದ?"

"ಅಪ್ಪ ಮೃತ್ಯುಪತ್ರ ಬರೀದೇ ಹೋದರ ಎಲ್ಲಾ ಮಕ್ಕಳಿಗೂ ಸಮ ಅಣ್ಣಾ. ಬರದರ ಮಾತ್ರ ಆತನ ಇಚ್ಛಾ. ಗಂಡಮಗಗೂ ಒಂದ್ ರೂಪಾಯಿ ಇಡದೆ ನಾಯಿ ಸಾಕೋ ಆಶ್ರಮಕ್ಕ ಕೊಡಬಹುದು. ಹೆಂಡತಿಗೆ ಒಂದಿಷ್ಟು ರಕ್ಷಣಾ ಅದ, ದೊಡ್ಡ ಮಕ್ಕಳಿಗೆ ಏನೂ ಇಲ್ಲ."

ಮಾಸ್ತರರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹುಟ್ಟಿದ ಮಗನಿಗೇ ಇಲ್ಲವೇ! ವಿಜ್ಞಾನೇಶ್ವರನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಅರಗುವ ಮಾತಲ್ಲ. ಅವಳು ಹೇಳಿದ್ದು ಸರಿ. ಅಲ್ಲಿ ಮದುವೆ, ಆಸ್ತಿ, ವಾರಸಾ ಕಾಯ್ದೆಗಳು ಕೇಂದ್ರದ ಕೈಯಲ್ಲಿಲ್ಲ, 50 ರಾಜ್ಯಗಳಿಗೆ 50 ಪದ್ಧತಿ. ಫ್ರೆಂಚರ ಕಾಯ್ದೆಯ ಗುರುತು ಉಳಿಸಿಕೊಂಡ ಲೂಸಿಯಾನಾ ಒಂದರಲ್ಲಿ ಮಾತ್ರ ಎಳೆಯ ಮಕ್ಕಳಿಗೂ ಅಶಕ್ತ ಮಕ್ಕಳಿಗೂ ತಪ್ಪಿಸಲಾಗದ ಪಾಲು ಇದೆ. ಉಳಿದಲ್ಲಿ ಆಸ್ತಿ ಎಂದರೆ ಅದನ್ನು ಹಿಡಿದಿರುವ ಒಬ್ಬನದು, ಮಿತಾಕ್ಷರಾದಂತೆ ಹುಟ್ಟಿದ, ಹುಟ್ಟಲಿರುವ ಮಕ್ಕಳೆಲ್ಲರದೂ ಅಲ್ಲ. ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಿದರೆ ಹೆಣ್ಣುಮಗಳಿಗೂ ಹುಟ್ಟಿನ ಹಕ್ಕು ಕೊಟ್ಟ ಮೇಲಿನ ಮಿತಾಕ್ಷರಾ ಎನ್ನುತ್ತೇನೆ. ಅಪ್ಪನ ಸಿಟ್ಟಿಗೆ ಸಿಗದ ಹಕ್ಕು ಅದು.

ಹೆಣ್ಣುಮಗಳಿಗೆ ಆ ಹಕ್ಕು ಬಂದ ದಾರಿಯನ್ನು ಮರುದಿನ ಹೊಲದಲ್ಲಿ ಗೆಳೆಯ ಒಂದು ಲಗ್ನಪತ್ರಿಕೆಯ ಹಿಂಬದಿಯ ಮೇಲೆ ಗುಂಟೆಗಳಲ್ಲಿ ಬರೆದು ತೋರಿಸಿದ. ಎಳ್ಳಮಾಸಿ. ಸುತ್ತಲ ಹೊಲಗಳಲ್ಲೆಲ್ಲ ಜನ ಭೂಮಿತಾಯಿಗೆ ಚರಗ ಚೆಲ್ಲಿ, ಜೋಳದ ನೆರಳಿನಲ್ಲಿ ಪಂಕ್ತಿ ಕೂತಿದ್ದರು. ಹತ್ತಾರು ಬಗೆಯ ಕಾಯಿಪಲ್ಲೆ, ಹಸಿ ಕಾಳು ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಅಂಬಲಿ. ಹಾದು ಹೋಗುವವರನ್ನು ಕರೆದು ಉಣಿಸದೆ ಬಿಡುವುದಿಲ್ಲ. ಹೊಲದ ಮೇಲಿನ ಹಕ್ಕು ಯಾರದಾದರೂ ಇರಲಿ, ಅಂದಿನ ಊಟದ ಮೇಲೆ ಹಕ್ಕು ದಾರಿಹೋಕರದೇ.

ಗೆಳೆಯನ ಲೆಕ್ಕ ಹೀಗಿತ್ತು. ತಾಯಿ ಮೊದಲೇ ಹೋದವರು, ಆಮೇಲೆ ಅಪ್ಪ. 12 ಎಕರೆ ಎಂದರೆ 480 ಗುಂಟೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನಿಗೂ ಮೂವರು ಗಂಡುಮಕ್ಕಳಿಗೂ ನಾಲ್ಕು ಪಾಲು, ಅಪ್ಪನ 120 ಗುಂಟೆಯಲ್ಲಿ ಐವರಿಗೂ ಸಮ. ಹಾಗಾದರೆ ಒಬ್ಬೊಬ್ಬ ಹೆಣ್ಣುಮಗಳಿಗೆ 24 ಗುಂಟೆ. ಆಮೇಲೆ ಕರ್ನಾಟಕ ತನ್ನ ತಿದ್ದುಪಡಿಯನ್ನು 1994ರ ಜುಲೈ 30ರಂದು ಜಾರಿಗೆ ತಂದಿತು. ಹೆಣ್ಣುಮಗಳಿಗೂ ಹುಟ್ಟಿನಿಂದ ಹಕ್ಕು, ಆದರೆ ಅದಕ್ಕೆ ಮೊದಲು ಮದುವೆಯಾದವಳಿಗೆ ಇಲ್ಲ. ಅಕ್ಕನ ಮದುವೆ 1991ರಲ್ಲಿ, ತಂಗಿಯದು 1994ರ ಎಷ್ಟೋ ವರ್ಷಗಳ ಮೇಲೆ. ಆ ಲೆಕ್ಕದಲ್ಲಿ ತಂಗಿಗೆ ಸುಮಾರು 2 ಎಕರೆ 35 ಗುಂಟೆ. ಅಕ್ಕನಿಗೆ 19 ಗುಂಟೆ! ಹೆಣ್ಣುಮಕ್ಕಳ ಪರವಾಗಿ ಬಂದ ಕಾಯ್ದೆಯಲ್ಲಿ ಅಕ್ಕನಿಗೆ ಮೊದಲಿಗಿಂತ ಐದು ಗುಂಟೆ ಕಡಿಮೆಯಾಯಿತು. 2005ರ ಸೆಪ್ಟೆಂಬರ್ 9ರಂದು ಬಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಬೇಲಿಯನ್ನು ಕಿತ್ತಿತು. ಈಗ ಇಬ್ಬರಿಗೂ ಅಣ್ಣಂದಿರಷ್ಟೇ, 2 ಎಕರೆ 16 ಗುಂಟೆ.

ಅದೂ ಸುಮ್ಮನೆ ದಕ್ಕಲಿಲ್ಲ. 2005ರಲ್ಲಿ ಅಪ್ಪ ಬದುಕಿರಬೇಕೋ ಬೇಡವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ತೂಗಾಡಿತು. ಕರ್ನಾಟಕದಿಂದ ಹೋದ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಬದುಕಿರಬೇಕು ಎಂದಿತು. ಕರ್ನಾಟಕದಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ 2018ರಲ್ಲಿ, ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಪಾಲು ಕೊಟ್ಟಿತು. ಈ ಗೊಂದಲ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಕೊನೆಯಾಯಿತು: ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಬದುಕಿದ್ದನೇ ಎಂದು ಕೇಳುವ ಅಗತ್ಯವಿಲ್ಲ. ವಿಜ್ಞಾನೇಶ್ವರ ಮಗನಿಗೆ ಹೇಳಿದ್ದನ್ನೇ ಒಂಬತ್ತು ನೂರು ವರ್ಷಗಳ ಮೇಲೆ ಮಗಳಿಗೂ ಹೇಳಿದಂತಾಯಿತು. ನಾವು ಲವಿಂಗ್, ಮಿರಾಂಡಾ ಎಂದು ಅಮೆರಿಕದ ಹೆಸರುಗಳನ್ನು ಉರು ಹೊಡೆಯುತ್ತೇವೆ. ಫೂಲವತಿ, ದಾನಮ್ಮ ಯಾರೆಂದು ಕೇಳಿದರೆ ಉತ್ತರ ಕರ್ನಾಟಕದಲ್ಲೇ ಎಷ್ಟು ಮಂದಿಗೆ ಗೊತ್ತು?

ಅಮೆರಿಕದ ಮಾತು ಬಂದ ಮೇಲೆ ಇನ್ನೊಬ್ಬರ ಹೆಸರೂ ನನಗೆ ಅಲ್ಲಿ ನೆನಪಾಯಿತು. ನಮ್ಮ ಸಂವಿಧಾನದ ಸಲಹೆಗಾರ, ಕರಾವಳಿಯ ಬೆನಗಲ್ ಮನೆತನದ ಬಿ. ಎನ್. ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿದರು. ಕಾನೂನು ನ್ಯಾಯಯುತವೇ ಎಂದು ಅಳೆಯುವ ಅಧಿಕಾರವನ್ನು ಜಡ್ಜುಗಳಿಗೆ ಕೊಡಬೇಡಿ ಎಂದು ಆ ಜಡ್ಜೇ ಹೇಳಿದ. ‘ಡ್ಯೂ ಪ್ರೊಸೆಸ್’ ಎಂಬ ಅಮೆರಿಕನ್ನರ ಅತಿ ಪ್ರಸಿದ್ಧ ಮಾತು ಜೀವ, ಸ್ವಾತಂತ್ರ್ಯಗಳ ನಮ್ಮ 21ನೆಯ ವಿಧಿಯಿಂದ ಹೀಗೆ ಬಿಟ್ಟುಹೋಯಿತು, ಅದರ ಜಾಗದಲ್ಲಿ ಕಾನೂನು ಗೊತ್ತುಮಾಡಿದ ವಿಧಾನ ಎಂಬುದು ಬಂತು. ಬಿಟ್ಟದ್ದನ್ನು 1978ರ ಮೇನಕಾ ಗಾಂಧಿ ತೀರ್ಪು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿತು. ಅದೇ ವಿಧಿಯ ಬಲದಿಂದ 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಖಾಸಗಿತನ ಮೂಲಭೂತ ಹಕ್ಕಾಯಿತು. ಆ ಸಂವಿಧಾನ ಬರುವ ಮೊದಲು ಈ ಸೀಮೆಯ ಜನ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಪ್ರಜೆಗಳು, ಕೋರ್ಟಿನ ಭಾಷೆ ಉರ್ದು. ಹದಿನಾರು ತಿಂಗಳು ಕಳೆದು 1950ರ ಜನವರಿಯಲ್ಲಿ, ಸರ್ಕಾರ ತಪ್ಪಿದರೆ ನೇರ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕಿರುವ ಪೌರರು. ಅಂಥ ಜಿಗಿತ ಅಮೆರಿಕದವರೂ ಜಿಗಿದಿಲ್ಲ.

ಅಕ್ಕ ಅಂಬಲಿ ಬಡಿಸಲು ಬಂದಳು. ಗೆಳೆಯ ಲಗ್ನಪತ್ರಿಕೆಯನ್ನು ಮಡಿಸಲಿಲ್ಲ. ಅಣ್ಣಂದಿರು ದೂರದಲ್ಲಿ ಊಟಕ್ಕೆ ಕೂತ ಬೀಗರ ಹತ್ತಿರ ಇದ್ದರು.

"ಇದು ನಂದಾ?" ಎಂದು ಅಂಕಿಯ ಮೇಲೆ ಬೆರಳಿಟ್ಟಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಾಳೆ, ಅಂಕಿ ಬರುತ್ತವೆ.

"ಹೌದಕ್ಕಾ. ಎರಡ್ ಎಕರೆ ಹದಿನಾರ್ ಗುಂಟಾ."

"ತಮ್ಮಾ, ಪಾಲ ತಗೊಂಡರ ತವರ ಮನಿ ಬಾಗಲಾ ಮುಚ್ಚತದ. ಮಗಳ ಬಾಣಂತನಕ್ಕ ಎಲ್ಲಿಗಿ ಬರಲಿ?"

ಇದಕ್ಕೆ ಗೆಳೆಯನ ಬಳಿ ಕಲಮು ಇರಲಿಲ್ಲ. ಅಣ್ಣಂದಿರು ಕೆಟ್ಟವರೂ ಅಲ್ಲ. ಎರಡು ಹೆರಿಗೆ, ಒಂದು ಆಪರೇಶನ್, ಪ್ರತಿ ಪಂಚಮಿಗೆ ಸೀರೆ, ಎಲ್ಲ ಅವರೇ ಮಾಡಿದವರು. ಅಕ್ಕನ ಲೆಕ್ಕದಲ್ಲಿ ಅದೂ ಒಂದು ಹಿಸ್ಸೆ. ನ್ಯೂಜೆರ್ಸಿಯ ತಂಗಿಗೆ ಈ ಲೆಕ್ಕ ಬೇಕಿಲ್ಲ. ಅವಳ ಬಾಣಂತನ ಅಲ್ಲಿಯ ಆಸ್ಪತ್ರೆಯಲ್ಲಾಗಿ ಎಷ್ಟೋ ವರ್ಷವಾಯಿತು. ಆದರೂ ರಾತ್ರಿ ಫೋನು ಇಡುವ ಮುಂಚೆ ಅವಳು ಹೇಳಿದ್ದು ಒಂದೇ ಮಾತು: ಅಕ್ಕ ತಾನಾಗಿ ಬಾಯಿಬಿಟ್ಟು ಬೇಡ ಅನ್ನಲಿ, ಆಮೇಲೆ ನಾನೂ ನ್ಯೂಯಾರ್ಕಿನ ಕಾನ್ಸುಲೇಟಿಗೆ ಹೋಗಿ ಸಹಿ ಮಾಡಿ ಕಳಿಸುತ್ತೇನೆ. ಜ್ಯೂರಿಯಲ್ಲಿ ಕೂತು ಬಂದವಳಿಗೆ ಸುಮ್ಮನಿರುವುದನ್ನು ಒಪ್ಪಿಗೆಯೆಂದು ಬರೆದುಕೊಳ್ಳಬಾರದು ಎನ್ನುವುದು ತಿಳಿದಿತ್ತು.

"ಕೋರ್ಟಿಗಿ ಹೋದರ ವಕೀಲರಿಗಿ ಎಷ್ಟ ಕೊಡಬೇಕಾಗ್ತದ?" ಎಂದಳು ಅಕ್ಕ, ಬೇರೆ ಯಾರದೋ ವಿಷಯ ಕೇಳಿದಂತೆ.

ಫ್ಲಾರಿಡಾದ ಜೈಲಿನಿಂದ ಪೆನ್ಸಿಲ್ಲಿನಲ್ಲಿ ಅರ್ಜಿ ಬರೆದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವ ಕೇಳಿದ್ದೂ ಇದೇ. ನನ್ನಲ್ಲಿ ದುಡ್ಡಿಲ್ಲ, ವಕೀಲನನ್ನು ಕೊಡಿ ಎಂದರೆ ಕೆಳಗಿನ ಕೋರ್ಟು ಕೊಟ್ಟಿರಲಿಲ್ಲ. 1963ರಲ್ಲಿ ಸುಪ್ರೀಂ ಕೋರ್ಟು ಕೊಡಲೇಬೇಕು ಎಂದಿತು. ವಕೀಲ ಸಿಕ್ಕ ಮೇಲೆ ನಡೆದ ಮರುವಿಚಾರಣೆಯಲ್ಲಿ ಜ್ಯೂರಿ ಅವನನ್ನು ಬಿಟ್ಟಿತು. ಆದರೆ ಆ ಹಕ್ಕು ಕ್ರಿಮಿನಲ್ ಮೊಕದ್ದಮೆಗಳಿಗೆ. ಮನೆಯಿಂದ ಹೊರಹಾಕಿದರೆ, ಆಸ್ತಿಯ ಪಾಲು ಕೇಳಬೇಕಿದ್ದರೆ ಅಮೆರಿಕದ ಸಂವಿಧಾನ ವಕೀಲನನ್ನು ಕೊಡುವುದಿಲ್ಲ. ನಮ್ಮ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸಿವಿಲ್ ದಾವೆಗೂ ವಕೀಲರು ಪುಕ್ಕಟೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರಾಯಿತು. ಗೆಳೆಯ ಇದನ್ನೆಲ್ಲ ಅವಳಿಗೆ ಎರಡೇ ಮಾತಿನಲ್ಲಿ ಹೇಳಿದ.

"ಮತ್ತ ಕೋರ್ಟ್ ಫೀಸು? ಹೊಲದ ಕಿಮ್ಮತ್ತಿನ ಮ್ಯಾಲ ಲಕ್ಷಗಟ್ಟಲೆ ಆಗ್ತದಂತ ಅಣ್ಣ ಅಂತಿದ್ದ."

"ನೀವು ಜಂಟಿ ಸ್ವಾಧೀನದಾಗ ಇದ್ದೀರಿ ಅಂದ್ರ ಎಷ್ಟೇ ಕಿಮ್ಮತ್ತಿನ ಹೊಲ ಇದ್ದರೂ ಇನ್ನೂರ ರೂಪಾಯಿ ಅಕ್ಕಾ. ಕರ್ನಾಟಕದ ಕಾಯ್ದೆ, 35ನೇ ಕಲಮು."

"ನಾ ಎಲ್ಲಿದ್ದೀನಿ ಸ್ವಾಧೀನದಾಗ?"

"ಅಪ್ಪನ ಹೊಲದಾಗ ಕೂತು ಚರಗ ಚೆಲ್ಲಿ ಊಟ ಬಡಸಲತ್ತೀರಿ. ಇನ್ನ ಯಾವ ಸ್ವಾಧೀನ ಬೇಕು?"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗಡಿಗೆಯನ್ನು ಇಳಿಸಿ, ಬೀಗರ ಪಂಕ್ತಿಯಲ್ಲಿ ಮಾತಿನಲ್ಲಿ ಮುಳುಗಿದ್ದ ಮಾಸ್ತರರ ಕಡೆ ನೋಡಿದಳು.

"ಕೋರ್ಟ್ ಗೀರ್ಟ್ ಬ್ಯಾಡ ತಮ್ಮಾ. ಆದರ ಇವತ್ತ ರಾತ್ರಿ ಅಣ್ಣಗ ನಾನೇ ಹೇಳ್ತೀನಿ. ಮೊದಲ ಇನ್ನೂರ ರೂಪಾಯಿ ಅಂತ ಹೇಳ್ತೀನಿ, ಆಮ್ಯಾಲ ಎರಡ್ ಎಕರೆ ಹದಿನಾರ್ ಗುಂಟಾ ಅಂತ ಹೇಳ್ತೀನಿ."